ಸರ್ವೆಯವರು ಬಂದಾಗ ಅಕ್ಕ ಮಲಗಿದ್ದಳು

ಸ್ವಲ್ಪ ತಾಳಿ, ಇದೊಂದು ಹೋಗಲಿ.

ಅಕ್ಕನ ಮನೆಯ ಜಗಲಿಯಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ, ತಲೆಯ ಮೇಲೆ ವಿಮಾನ ಇಳಿಯುತ್ತಿದೆ. ಈ ಮನೆಯಲ್ಲಿ ಮಾತಿನ ನಡುವೆ ಎಲ್ಲರೂ ಹೀಗೆ ಒಮ್ಮೆ ನಿಲ್ಲುತ್ತಾರೆ. ಚಾ ಕುಡಿಯುವವರು ಲೋಟ ಹಿಡಿದುಕೊಂಡೇ ಕಾಯುತ್ತಾರೆ. ಬೈಯುತ್ತಿದ್ದವರು ಅರ್ಧ ಬೈದು ನಿಂತು, ವಿಮಾನ ದಾಟಿದ ಮೇಲೆ ಉಳಿದರ್ಧ ಬೈದು ಮುಗಿಸುತ್ತಾರೆ.

ಹಾಂ, ಹೋಯಿತು. ಈಗ ಹೇಳುತ್ತೇನೆ. ಆದರೆ ನೀವು ಇನ್ನೂ ಸ್ವಲ್ಪ ತಾಳಬೇಕು. ಮೊದಲರ್ಧ ನಾನು ಮಾಡಿದ ಮೆಷಿನ್‌ನ ಕಥೆ. ಅದನ್ನು ಹೇಳುವುದೆಂದರೆ ನನಗೆ ಇವತ್ತಿಗೂ ಖುಷಿ, ಹಾಗಾಗಿ ಉದ್ದವಾದೀತು. ನಿಜವಾದ ಸಂಗತಿ ಅದರ ನಂತರ ಬರುತ್ತದೆ.

ನನ್ನದು ಗುರುವಾಯನಕೆರೆಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ. ಸರ್ಕ್ಯೂಟು, ಸೆನ್ಸರು, ಕೋಡು ಎಲ್ಲ ವಿಡಿಯೋ ನೋಡಿ, ಬೆರಳು ಸುಟ್ಟುಕೊಂಡು ಕಲಿತದ್ದು. ಅಕ್ಕ ನರ್ಸ್. ಮೂಡುಬಿದಿರೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಇದ್ದಳು, ಹೆಚ್ಚಾಗಿ ನೈಟ್ ಡ್ಯೂಟಿ. ಭಾವ ಗಲ್ಫಿನಲ್ಲಿ. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ. ಅವರನ್ನು ನಾನೂ ಮಾಮಿ ಎಂದೇ ಕರೆಯುವುದು.

ಮನೆ ಇರುವುದು ಮೂಡುಬಿದಿರೆಗೂ ವಿಮಾನ ನಿಲ್ದಾಣಕ್ಕೂ ನಡುವೆ, ಒಂದು ಪದವಿನ ಮೇಲೆ. ಪದವು ಎಂದರೆ ಮರಗಿಡ ಕಡಿಮೆ ಇರುವ ಮುರಕಲ್ಲಿನ ಗುಡ್ಡ. ಕೆಳಗೆ ಗದ್ದೆಗಳ ಬೈಲಿನಲ್ಲಿರುವ ಮನೆಗಳಿಗಿಂತ ನಾವು ವಿಮಾನಕ್ಕೆ ಅಷ್ಟು ಹತ್ತಿರ. ಗಾಳಿ ಒಂದು ಕಡೆಯಿಂದ ಬೀಸಿದರೆ ವಿಮಾನಗಳು ನಮ್ಮ ಮೇಲಿನಿಂದಲೇ ಇಳಿಯುತ್ತವೆ, ಗಾಳಿ ತಿರುಗಿದರೆ ಬಚಾವು. ಮನೆಗೆ ಹಂಚಿನ ಮಾಡು, ಸೀಲಿಂಗ್ ಇಲ್ಲ. ಕಿಟಕಿ ಎಷ್ಟು ಭದ್ರವಾಗಿ ಮುಚ್ಚಿದರೂ ಸದ್ದು ಹಂಚಿನ ಸಂದಿಯಿಂದ ಸೀದಾ ಮಂಚಕ್ಕೆ ಬೀಳುತ್ತದೆ.

ರಾತ್ರಿಯಿಡೀ ದುಡಿದು ಬಂದವಳು ಹಗಲು ಮಲಗಬೇಕು. ಕಣ್ಣು ಹತ್ತಿತು ಅನ್ನುವಾಗ ಒಂದು ವಿಮಾನ. ಮತ್ತೆ ಹತ್ತಿತು ಅನ್ನುವಾಗ ಇನ್ನೊಂದು. ಅಕ್ಕ ಹತ್ತಿ ತುರುಕಿ ನೋಡಿದಳು, ಕಿವಿ ಸೋರಲಿಕ್ಕೆ ಶುರುವಾಯಿತು. ಬೆಳುವಾಯಿಯಲ್ಲಿ ಭಾವನ ತಂಗಿಯ ಮನೆಗೆ ಹೋಗಿ ಮಲಗಿ ನೋಡಿದಳು. ಅವರು ಪಾಪ ಬೇಡ ಅನ್ನಲಿಲ್ಲ. ಆದರೆ ಹಗಲು ಹೊತ್ತು ಇನ್ನೊಬ್ಬರ ಮನೆಯ ಕೋಣೆ ಹಿಡಿದು ಮಲಗಲು ಎಷ್ಟು ದಿನ ಮನಸ್ಸು ಬರುತ್ತದೆ? ಆಸ್ಪತ್ರೆಯಲ್ಲಿ ಡೇ ಡ್ಯೂಟಿ ಕೇಳಿದಳು. ರಾತ್ರಿಗೆ ಜನ ಇಲ್ಲ ಎಂದರು, ಅದೂ ಸುಳ್ಳಲ್ಲ.

ಒಂದು ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಕ್ಕ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು.

"ಎಂತಾಯ್ತು?" ಎಂದೆ.

"ಡ್ರಿಪ್ಪಿನ ಪಂಪಿಗೆ ಔಷಧದ ಲೆಕ್ಕ ಹಾಕುವಾಗ ನಡುವಿನ ಪಾಯಿಂಟ್ ಬಿಟ್ಟುಬಿಟ್ಟಿದ್ದೆ ತಮ್ಮಾ. ಸ್ಟಾರ್ಟ್ ಒತ್ತುವ ಮೊದಲು ಕಂಡಿತು. ಕಾಣದಿದ್ರೆ?"

"ಕಂಡಿತಲ್ಲ."

"ಇವತ್ತು ಕಂಡಿತು. ಇನ್ನೊಂದು ಸಲ ಹೀಗಾದ್ರೆ ನಾನು ಐಸಿಯು ಬಿಡ್ತೇನೆ. ಯಾರ್ದೋ ಮನೆಯವರ ಜೀವ ಅದು. ನನ್ನ ನಿದ್ದೆಯ ಮೇಲೆ ನಿಲ್ಲಿಸ್ಲಿಕ್ಕೆ ಆಗ್ತದಾ?"

ಅಕ್ಕನಿಗೆ ಆ ಕೆಲಸವೆಂದರೆ ಪ್ರಾಣ. ವೆಂಟಿಲೇಟರ್ ತೆಗೆದ ಮೇಲೆ ರೋಗಿ ಮೊದಲ ಮಾತು ಏನು ಆಡಿದ ಎಂದು ಊಟದ ಹೊತ್ತಿಗೆ ಹೇಳುವವಳು ಅವಳು. ಅವಳ ಬಾಯಿಯಿಂದ ‘ಬಿಡ್ತೇನೆ’ ಎಂಬ ಮಾತು ಬಂದದ್ದು ಅದೇ ಮೊದಲು.

ಅದೇ ಸಮಯಕ್ಕೆ ವಾರ್ಡ್ ಮೆಂಬರ್ ಫೋನ್ ಮಾಡಿದರು. ವಿಮಾನದ ದಾರಿಯ ಕೆಳಗಿನ ಕೆಲವು ಮನೆಗಳಿಗೆ ಸದ್ದಿನ ಪರಿಹಾರ ಕೊಡುವ ಯೋಜನೆಯೊಂದು ಬಂದಿದೆಯಂತೆ. ಕೈಗೆ ದುಡ್ಡಲ್ಲ. ಮಲಗುವ ಕೋಣೆಗೆ ದಪ್ಪ ಜೋಡಿ ಗಾಜಿನ ಕಿಟಕಿ, ಸದ್ದು ತಡೆಯುವ ಸೀಲಿಂಗ್, ಗಾಳಿಗೆ ವ್ಯವಸ್ಥೆ, ಎಲ್ಲ ಅವರೇ ಮಾಡಿಸಿಕೊಡುವುದು. ಸರ್ವೆಯವರು ಮನೆ ಮನೆಗೆ ಬಂದು ನೋಡಿ ಹೆಸರು ಸೇರಿಸುತ್ತಾರೆ.

"ನಿಮ್ಮ ಅಕ್ಕನ ಮನೆ ಬರದಿದ್ರೆ ಮತ್ತೆ ಯಾರ ಮನೆ ಬರುವುದು?" ಎಂದರು ಮೆಂಬರ್.

ನನ್ನ ತಲೆಯಲ್ಲಿ ಆಗಲೇ ಮೆಷಿನ್ ಓಡಲು ಶುರುವಾಗಿತ್ತು. ಸರ್ವೆಯವರು ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಆ ಹೊತ್ತಿಗೆ ಗಾಳಿ ತಿರುಗಿದ್ದರೆ? ವಿಮಾನವೇ ಬರದಿದ್ದರೆ? ನಾವೇ ಮೊದಲು ಅಳೆದು ಇಡಬೇಕು. ಒಂದು ದಿನವಲ್ಲ, ವಾರಗಟ್ಟಲೆ.

ಸಣ್ಣ ಡಿಜಿಟಲ್ ಮೈಕ್, ಫೋನಿಗೂ ರೀಡಿಂಗ್ ಕಳಿಸುವ ಬೆರಳುದ್ದದ ಒಂದು ಬೋರ್ಡ್, ಮೆಮರಿ ಕಾರ್ಡ್. ಡಬ್ಬಿ, ಕೊಳವೆ, ಸ್ಕ್ರೂ ಎಲ್ಲ ಬಿ.ಸಿ. ರೋಡಿನ ಹಾರ್ಡ್‌ವೇರ್ ಅಂಗಡಿಯಿಂದ. ಮೈಕಿನ ಮೇಲೆ ಗಾಳಿ ಬಡಿಯದ ಹಾಗೆ ಸ್ಪಂಜು. ಮೈಕಿಗೆ ಕೇಳಿದ್ದೆಲ್ಲ ನಮ್ಮ ಕಿವಿಗೆ ಕೇಳುವುದಿಲ್ಲ, ತೀರಾ ಕೆಳಗಿನ ಗುಡುಗುಡು ನಮಗೆ ಕಡಿಮೆ ಕೇಳುತ್ತದೆ. ಹಾಗಾಗಿ ಕಿವಿಯ ಹಾಗೆಯೇ ಕೇಳುವಂತೆ ಕೋಡಿನಲ್ಲಿ ಒಂದು ಫಿಲ್ಟರ್ ಹಾಕಬೇಕು. ಅದು ಸರಿಯಾಗುವವರೆಗೆ ಅಂಗಡಿಯಲ್ಲಿ ಗಿರಾಕಿಗಳ ಫೋನ್‌ಗಳು ರಾಶಿ ಬಿದ್ದವು. ಮಾಡಿನ ಪಕ್ಕಾಸಿನ ಮರಕ್ಕೆ ಡಬ್ಬಿ ಕಟ್ಟುವಾಗ ಮಾಮಿ ಕೆಳಗೆ ನಿಂತು ನೋಡುತ್ತಿದ್ದರು.

"ವಿಮಾನದ ಸದ್ದು ಕೇಳ್ಲಿಕ್ಕೆ ಮೆಷಿನ್ ಬೇಕಾ ಮಗಾ? ನಿನಗೆ ಕಿವಿ ಇಲ್ವಾ?"

"ಕಿವಿ ಉಂಟು ಮಾಮಿ. ಕಿವಿ ಹೇಳಿದ್ದನ್ನು ಅವರು ನಂಬುದಿಲ್ಲ."

"ನಂಬದವರು ಇಲ್ಲಿ ಒಂದು ದಿನ ಮಲಗ್ಲಿ."

ಈಗ ಯೋಚಿಸಿದರೆ, ಇಡೀ ಯೋಜನೆಗೆ ಬೇಕಾಗಿದ್ದ ಮಾತು ಅದೊಂದೇ. ಆದರೆ ಮಾಮಿ ಅದನ್ನು ಹೇಳಿದ್ದು ನನಗೆ, ತುಳುವಿನಲ್ಲಿ.

ಮೊದಲ ವಾರದ ರೀಡಿಂಗ್ ತೆಗೆದು ನೋಡಿದರೆ ವಿಮಾನಕ್ಕಿಂತ ಮಳೆ ಜೋರು. ಹಂಚಿನ ಮೇಲೆ ಮಳೆ ಬಿದ್ದರೆ ಬೇರೇನೂ ಕಾಣುವುದಿಲ್ಲ, ಆ ದಿನಗಳು ದಂಡ. ಆಮೇಲೆ ಕರೆಂಟ್. ಹೋಗಿ ಬಂದ ಕೂಡಲೇ ಬೋರ್ಡಿನ ಗಡಿಯಾರ ಸೊನ್ನೆಯಿಂದ ಶುರು! ಯಾವ ಸದ್ದು ಯಾವ ವಿಮಾನದ್ದು ಎಂದು ಹೇಗೆ ಹೇಳುವುದು? ಸೆಲ್ ಹಾಕಿದ ಬೇರೆ ಗಡಿಯಾರದ ಚಿಪ್ ಕೂರಿಸಿದೆ. ಫೋನಿನಲ್ಲಿ ವಿಮಾನ ತೋರಿಸುವ ಆ್ಯಪ್ ಇಟ್ಟುಕೊಂಡು ಗ್ರಾಫಿನ ಒಂದೊಂದು ಏರನ್ನೂ ಒಂದೊಂದು ವಿಮಾನಕ್ಕೆ ಜೋಡಿಸಿದೆ. ಜೋಡಿಸಿದರೂ ವಿಮಾನವೇ ಇಲ್ಲದ ಹೊತ್ತಿನಲ್ಲಿ ಕೆಲವು ಏರುಗಳು ಉಳಿದವು. ಅದು ಪಕ್ಕದವರ ಹುಲ್ಲು ಕತ್ತರಿಸುವ ಮೆಷಿನ್. ಅದನ್ನೂ ತೆಗೆದು ಹಾಕಿದೆ. ಆಮೇಲೆ ಒಂದು ವಾರ ವಿಮಾನಗಳೆಲ್ಲ ಪಿಸುಗುಟ್ಟಲು ಶುರುಮಾಡಿದವು. ಏಣಿ ಹತ್ತಿ ನೋಡಿದರೆ ಕಣಜದ ಹುಳವೊಂದು ಸ್ಪಂಜಿನ ಸಂದಿಯಿಂದ ನುಗ್ಗಿ ಮೈಕಿನ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟಿದೆ.

"ಅದಕ್ಕೂ ಸದ್ದು ತಡೀಲಿಕ್ಕೆ ಆಗ್ಲಿಲ್ಲ, ಬಾಗಿಲು ಹಾಕಿಕೊಂಡಿದೆ" ಎಂದು ಅಕ್ಕ ನಕ್ಕಳು. ತುಂಬ ದಿನಗಳ ಮೇಲೆ ನಕ್ಕದ್ದು.

ದೊಡ್ಡ ಪೆಟ್ಟು ಬೇರೆ ಇತ್ತು. ಇಡೀ ದಿನದ ಸರಾಸರಿ ತೆಗೆದರೆ ವಿಮಾನ ಮಾಯ! ಒಂದು ವಿಮಾನ ದಾಟಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತೆಲ್ಲ ಪದವು ಮೌನ. ಸರಾಸರಿಯಲ್ಲಿ ನಮ್ಮದು ಭಾರಿ ಶಾಂತವಾದ ಮನೆ. ಆದರೆ ಮನುಷ್ಯ ಸರಾಸರಿಗೆ ಎಚ್ಚರಾಗುವುದಿಲ್ಲವಲ್ಲ, ಒಂದು ಏರಿಗೆ ಎಚ್ಚರಾಗುತ್ತಾನೆ. ಇದು ಹೊಳೆದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಕುಣಿದಿದ್ದೇನೆ. ಲೆಕ್ಕವನ್ನೆಲ್ಲ ಮತ್ತೆ ಮಾಡಿದೆ. ಒಂದೊಂದು ವಿಮಾನಕ್ಕೂ ಅದು ಮುಟ್ಟಿದ ತುದಿ, ಅದಕ್ಕೆ ಮೊದಲು ಕೋಣೆಯಲ್ಲಿದ್ದ ಸದ್ದು, ಎರಡರ ನಡುವಿನ ಜಿಗಿತ.

ಕೊನೆಗೆ ಮೆಷಿನ್ ಹೊತ್ತುಕೊಂಡು ಉಜಿರೆಗೆ ಹೋದೆ. ಅಲ್ಲಿ ಒಂದು ಕಾಲೇಜಿನ ಲ್ಯಾಬಿನ ಮೇಷ್ಟ್ರು ಪರಿಚಯ, ಅವರ ಫೋನ್ ನಾನೇ ರಿಪೇರಿ ಮಾಡುವುದು. ಅವರಲ್ಲಿ ಒಂದೇ ಅಳತೆಯ ಸದ್ದು ಹೊರಡಿಸುವ ಸಣ್ಣ ಸಾಧನ ಉಂಟು. ಮೈಕಿನ ಬಾಯಿಗೆ ಅದನ್ನಿಟ್ಟು ಒತ್ತಿದರೆ ತೊಂಬತ್ತನಾಲ್ಕು ಡೆಸಿಬೆಲ್ ತೋರಿಸಬೇಕು. ನನ್ನದು ಸ್ವಲ್ಪ ಕಡಿಮೆ ತೋರಿಸಿತು. ಅಷ್ಟನ್ನು ಕೋಡಿನಲ್ಲಿ ಸೇರಿಸಿದೆ.

"ಪರವಾಗಿಲ್ಲ ಮಾರಾಯ, ನಮ್ಮ ಹುಡುಗರ ಪ್ರಾಜೆಕ್ಟಿಗಿಂತ ಚಂದ ಉಂಟು" ಎಂದರು ಮೇಷ್ಟ್ರು.

ನನಗೆ ಗೆದ್ದ ಹಾಗೆಯೇ ಆಯಿತು. ಗ್ರಾಫುಗಳನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಫೈಲ್ ಮಾಡಿದೆ.

ಸರ್ವೆಯವರು ಬರುವ ದಿನ ಮೆಂಬರ್ ಮೊದಲೇ ತಿಳಿಸಿದ್ದರು. ಅವರು ಮೂರು ವಿಷಯ ನೋಡುತ್ತಾರಂತೆ. ತಮ್ಮ ಮೀಟರಿನ ರೀಡಿಂಗ್ ಒಂದು, ಮನೆಯವರ ಹೇಳಿಕೆ ಇನ್ನೊಂದು, ಅಲ್ಲಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ಮೂರನೆಯದು. ನನ್ನ ತಲೆಯೆಲ್ಲ ಮೊದಲನೆಯದರಲ್ಲಿತ್ತು. ಹೇಳಿಕೆ ಅಕ್ಕ ಕೊಡುವುದೆಂದು ಮಾತಾಗಿತ್ತು. ಸಾಲು ನೈಟ್ ಡ್ಯೂಟಿಯ ಕೊನೆಯ ದಿನ ಅದು. "ಅವರು ಬೆಳಿಗ್ಗೆಯೇ ಬರ್ತಾರಲ್ವಾ, ಮಾತಾಡಿಯೇ ಮಲಗ್ತೇನೆ" ಎಂದಿದ್ದಳು.

ಅವರು ಬೆಳಿಗ್ಗೆ ಬರಲಿಲ್ಲ. ಬೇರೆ ಮನೆಗಳಲ್ಲಿ ತಡವಾಯಿತಂತೆ. ಅಕ್ಕ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾದಳು. ಕಣ್ಣು ಮುಚ್ಚಿ ಹೋಗುತ್ತಿತ್ತು, ಮುಖ ತೊಳೆದು ಬಂದು ಮತ್ತೆ ಕೂತಳು. ಬಿಸಿಲೇರಿದ ಮೇಲೆ, "ಬಟ್ಟೆಯಾದ್ರೂ ಬದಲಿಸಿ ಬರ್ತೇನೆ" ಎಂದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಸರ್ವೆಯವರ ಜೀಪು ಬಂದದ್ದು ಆಮೇಲೆ. ಬೆಂಗಳೂರು ಕಡೆಯ ಒಬ್ಬ ಸರ್, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಕೈಯಲ್ಲಿ ಮೀಟರು, ಟ್ಯಾಬು. ಮಾಮಿ ಮೊದಲು ಬೆಲ್ಲ-ನೀರು ತಂದಿಟ್ಟರು. ನಮ್ಮಲ್ಲಿ ಮೆಟ್ಟಿಲು ಹತ್ತಿ ಬಂದವರಿಗೆ ಅದು ಮೊದಲು, ಮಾತು ಆಮೇಲೆ. ಹಿಂದೆಯೇ ಗೋಳಿಬಜೆ ಬಂತು, ಚಟ್ನಿ ಬಂತು, ಚಾ ಬಂತು. ಅವರು ಒಂದು ಗೋಳಿಬಜೆ ಬಾಯಿಗೆ ಹಾಕಿ ಕೇಳಿದರು.

"ಅಮ್ಮಾ, ವಿಮಾನದ ಸೌಂಡಿಂದ ನಿಮಗೆ ತೊಂದ್ರೆ ಆಗ್ತಿದ್ಯಾ?"

ಮಾಮಿ ಸೆರಗು ಸರಿ ಮಾಡಿಕೊಂಡು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಉತ್ತರ ಕೊಟ್ಟರು.

"ತೊಂದರೆ ಎಂಥದ್ದೂ ಇಲ್ಲ ಸರ್. ನಮಗೆ ಅಭ್ಯಾಸವಾಗಿದೆ. ತಾವು ತೆಗೆದುಕೊಳ್ಳಿ, ಬಿಸಿ ಉಂಟು."

ಇದೇ ಮಾಮಿ ದಿನಾ ಅಂಗಳದಲ್ಲಿ ನಿಂತು, "ನಿನ್ನ ಗಂಟಲು ಕಟ್ಟಿಹೋಗ" ಎಂದು ಆಕಾಶಕ್ಕೆ ಶಾಪ ಹಾಕುವವರು. ನಾನು ತುಳುವಿನಲ್ಲಿ ಮೆಲ್ಲಗೆ ಹೇಳಿದೆ, "ಮಾಮಿ, ತೊಂದರೆ ಉಂಟು ಅಂತ ಹೇಳಿ."

ಅವರೂ ತುಳುವಿನಲ್ಲೇ ಗದರಿಸಿದರು. "ಸುಮ್ಮನಿರು. ಬಂದವರು ತಿನ್ನುವಾಗ ನಮ್ಮ ಕಷ್ಟ ಹೇಳ್ಲಿಕ್ಕುಂಟಾ? ಅವರಿಗೆ ಇಳೀತದಾ ಮತ್ತೆ?"

ನಾನು ಫೈಲ್ ಬಿಚ್ಚಿದೆ. ಸರ್ ಆಸಕ್ತಿಯಿಂದಲೇ ನೋಡಿದರು. ಸರಾಸರಿಯ ಮೋಸ, ತುದಿಯ ಲೆಕ್ಕ ಎಲ್ಲ ಅವರಿಗೆ ಅರ್ಥವಾಯಿತು.

"ಸೂಪರ್ ಆಗಿ ಮಾಡಿದೀರ. ಆದ್ರೆ ಇದು ಸರ್ಟಿಫೈಡ್ ಮೀಟರ್ ಅಲ್ವಲ್ಲ, ನಾನು ಸೇರ್ಸಕ್ಕಾಗಲ್ಲ. ಸರಿ, ಸೌಂಡಿಂದ ಜಾಸ್ತಿ ಕಷ್ಟ ಆಗೋದು ಯಾರಿಗೆ ಅಂದ್ರಿ?"

"ಅಕ್ಕನಿಗೆ. ನರ್ಸ್, ಹಗಲು ಮಲಗುವುದು."

"ಅವ್ರನ್ನೇ ಕರೀರಿ, ಮಾತಾಡ್ತೀನಿ."

ನಾನು ಕೋಣೆಗೆ ಹೋದೆ. ಅಕ್ಕ ಯೂನಿಫಾರ್ಮಿನಲ್ಲೇ ಮಂಚಕ್ಕೆ ಅಡ್ಡ ಬಿದ್ದಿದ್ದಳು. ಒಂದು ಕಾಲು ಇನ್ನೂ ನೆಲದ ಮೇಲೆ, ತಲೆಯಲ್ಲಿ ಕ್ಲಿಪ್ಪು ಹಾಗೇ ಉಂಟು. ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕಂದಿನಲ್ಲಿ ಹಾಗೆ ಮಲಗುತ್ತಿದ್ದಳು, ಆಮೇಲೆ ಅವಳನ್ನು ಹಾಗೆ ನೋಡಿದ ನೆನಪು ನನಗಿಲ್ಲ. ಭುಜದ ಹತ್ತಿರ ಕೈ ಒಯ್ದೆ. ಹಿಂದಿನಿಂದ ಮಾಮಿ ಬಂದು ಕೈ ಹಿಡಿದರು.

"ಮುಟ್ಬೇಡ. ಎಷ್ಟು ದಿನದ ಮೇಲೆ ಬಿದ್ದ ನಿದ್ದೆ ಅದು."

ಅಲ್ಲಿ ನಾನು ನಿರ್ಧಾರ ಮಾಡಬೇಕಿತ್ತು. ಎಬ್ಬಿಸಿದರೆ ಅಕ್ಕ ಎದ್ದು ಬಂದು ಎಲ್ಲ ಹೇಳುತ್ತಾಳೆ, ಆ ಪಂಪಿನ ಕಥೆಯನ್ನೂ ಹೇಳುತ್ತಾಳೆ. ಆದರೆ ನಾವು ಇಷ್ಟೆಲ್ಲ ಮಾಡುತ್ತಿದ್ದುದು ಅವಳಿಗೆ ನಿದ್ದೆ ಬರಲಿ ಎಂದೇ ಅಲ್ಲವಾ? ಅದು ಎದುರಿಗೇ ಇತ್ತು. ಅದನ್ನು ನಾನೇ ಮುರಿಯುವುದು ಹೇಗೆ? ಮೆಷಿನ್ ಉಂಟು, ಗ್ರಾಫ್ ಉಂಟು, ಅವರ ಮೀಟರೂ ಉಂಟು, ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಹಿಂದೆ ತೆಗೆದೆ.

ಆಗಲೇ ವಿಮಾನ ಬಂತು. ತೀರಾ ಕೆಳಗಿನಿಂದ, ಹಂಚು ಕಟಕಟ ಎನ್ನುವ ಹಾಗೆ. ಸರ್ ಮೀಟರ್ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದರು. ಅಕ್ಕ ಒಂದು ಸಲ ಮಗ್ಗುಲು ಬದಲಿಸಿದಳು, ಅಷ್ಟೇ. ಬೇರೆ ದಿನಗಳಲ್ಲಿ ಎದ್ದು ಕೂರುತ್ತಿದ್ದವಳು ಆವತ್ತು ಎದ್ದೇಳಲಿಲ್ಲ.

ನಾನು ಮಾಡಿದ್ದೇನು ಗೊತ್ತಾ? ಅವರ ಮೀಟರ್ ನೋಡಿದೆ, ನನ್ನ ಫೋನಿನಲ್ಲಿ ನನ್ನ ಮೆಷಿನ್‌ನ ರೀಡಿಂಗ್ ನೋಡಿದೆ. ಎರಡೂ ಹೆಚ್ಚುಕಡಿಮೆ ಒಂದೇ! ಖುಷಿಯಲ್ಲಿ ಅವರ ತೋಳು ತಟ್ಟಿ ತೋರಿಸಿದೆ. ಅವರು ಬೆರಳು ತುಟಿಗಿಟ್ಟು, "ಶ್ಶ್, ಮಲ್ಕೊಳ್ಲಿ ಬಿಡಿ" ಎಂದು ತಾವೇ ಬಾಗಿಲು ಮೆಲ್ಲಗೆ ಎಳೆದುಕೊಂಡರು. ಒಳ್ಳೆಯ ಮನುಷ್ಯ. ಜಗಲಿಗೆ ಬಂದು ಟ್ಯಾಬಿನಲ್ಲಿ ಏನೋ ಬರೆದರು. ಹೋಗುವಾಗ ಮಾಮಿ ಗೋಳಿಬಜೆ ಕಟ್ಟಿಕೊಟ್ಟರು.

ಪಟ್ಟಿ ಪಂಚಾಯತಿನಲ್ಲಿ ಅಂಟಿಸಿದಾಗ ಅಕ್ಕನ ಮನೆ ಅದರಲ್ಲಿ ಇರಲಿಲ್ಲ. ಬೈಲಿನ ಎರಡು ಮನೆ ಇದ್ದವು. ಕಾರಣ ಕೇಳಿದಾಗ ಮೆಂಬರ್ ವರದಿ ತರಿಸಿ ಓದಿದರು. ಸದ್ದಿನ ಮಟ್ಟ ಮಿತಿಗಿಂತ ಹೆಚ್ಚಿದೆ ಎಂದೇ ಬರೆದಿದ್ದರು. ಅದರ ಕೆಳಗೆ, ಮನೆಯ ಹಿರಿಯರು ತೊಂದರೆ ಇಲ್ಲವೆಂದು ತಿಳಿಸಿದ್ದಾರೆ, ವಿಮಾನ ಹಾದುಹೋಗುವಾಗ ಮನೆಯ ಸದಸ್ಯೆ ನಿದ್ರಿಸುತ್ತಿದ್ದುದು ಕಂಡುಬಂದಿದೆ. ಒಂದು ಅಕ್ಷರ ಸುಳ್ಳಿಲ್ಲ. ಯಾರ ಹತ್ತಿರ ಜಗಳ ಮಾಡುವುದು?

"ನಿಮ್ಮ ಮಾಮಿಯೇ ಇಲ್ಲ ಅಂದ್ರೆ ನಾನೆಂತ ಮಾಡುವುದು ಮಾರಾಯ?" ಎಂದರು ಮೆಂಬರ್.

ವಿಷಯ ತಿಳಿದ ಮಾಮಿ ಮರುದಿನ ಒಳ್ಳೆಯ ಸೀರೆ ಉಟ್ಟು, "ನಡಿ, ಪಂಚಾಯತಿಗೆ ಹೋಗುವ" ಎಂದರು. ಅಲ್ಲಿ ಅಧಿಕಾರಿಯ ಎದುರು ಕೂತು ತುಳುವಿನಲ್ಲಿ ಶುರು ಮಾಡಿದರು ನೋಡಿ! ಅಕ್ಕನ ಕಿವಿ ಸೋರಿದ್ದು, ಪಂಪಿನ ಲೆಕ್ಕ ತಪ್ಪಿದ್ದು, ಮನೆಗೆ ಬಂದ ಮಕ್ಕಳು ಬೆಚ್ಚಿ ಬೀಳುವುದು, ಒಂದನ್ನೂ ಬಿಡಲಿಲ್ಲ. ನಾನು ತಿಂಗಳುಗಟ್ಟಲೆ ಅಳೆದದ್ದರಲ್ಲಿ ಅದು ಯಾವುದೂ ಇರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ.

"ಇದನ್ನೇ ಆವತ್ತು ಹೇಳ್ಬಹುದಿತ್ತಲ್ಲ ಮಾಮಿ?"

"ಆವತ್ತು ಅವರು ನಮ್ಮಲ್ಲಿಗೆ ಬಂದದ್ದು. ಇವತ್ತು ನಾನು ಇವರ ಕಚೇರಿಗೆ ಬಂದದ್ದು. ಎರಡೂ ಒಂದೇನಾ?"

ಅವರಿಗೆ ಅದು ಅಷ್ಟು ಸರಳ. ಸರ್ವೆಯವರು ಮನೆಗೆ ಬರುವ ಬದಲು ಎಲ್ಲರನ್ನೂ ಪಂಚಾಯತಿಗೇ ಕರೆದಿದ್ದರೆ ಮಾಮಿ ಯಾರಿಗೂ ಬಾಯಿ ಬಿಡಲು ಅವಕಾಶವನ್ನೇ ಕೊಡುತ್ತಿರಲಿಲ್ಲ. ನಾನು ಹುಟ್ಟಿದ್ದೂ ಇದೇ ಸೀಮೆಯಲ್ಲಿ. ನಮ್ಮ ಮನೆಗಳಲ್ಲಿ ನೆಂಟರೆದುರು ಯಾರೂ ಕಷ್ಟ ಹೇಳುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದದ್ದು ನೆನಪಿಗೆ ಬರಲಿಲ್ಲ. ಕಣಜದ ಗೂಡು ಕಂಡಿತು, ಇದು ಕಾಣಲಿಲ್ಲ.

ಸರ್‌ಗೆ ಫೋನ್ ಮಾಡಿದೆ. ಅವರಿಗೆ ನಿಜವಾಗಿ ಬೇಸರವಾಯಿತು. "ಆ ದಿನ ನೀವು ಅವ್ರನ್ನ ಎಬ್ಬಿಸಿದ್ದಿದ್ರೆ ಬೇರೆ ಥರ ಬರೀತಿದ್ದೆ. ಈಗ ಲಿಸ್ಟ್ ಕ್ಲೋಸ್ ಆಗಿದೆ" ಎಂದರು. ಪಂಚಾಯತಿನಲ್ಲಿ ಮರುಪರಿಶೀಲನೆಗೆ ಕೊಟ್ಟ ಅರ್ಜಿಗೆ ಈ ತನಕ ಉತ್ತರವಿಲ್ಲ.

ಅಕ್ಕ ಮಳೆಗಾಲ ಮುಗಿಯುವವರೆಗೆ ಎಳೆದಳು. ಮತ್ತೊಮ್ಮೆ ಏನೋ ಆಯಿತು. ಏನೆಂದು ಅವಳು ಹೇಳಲಿಲ್ಲ, ರೋಗಿಗೆ ಏನೂ ಆಗಲಿಲ್ಲ ಎಂದಷ್ಟೇ ಹೇಳಿದಳು. ಆ ವಾರವೇ ಐಸಿಯು ಬಿಟ್ಟಳು. ಈಗ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಹಗಲು ಕೆಲಸ. ಬಿಪಿ ನೋಡುತ್ತಾಳೆ, ಟೋಕನ್ ಕರೆಯುತ್ತಾಳೆ. ರಾತ್ರಿ ವಿಮಾನ ಕಡಿಮೆ, ನಿದ್ದೆ ಬರುತ್ತದೆ. ಊಟದ ಹೊತ್ತಿಗೆ ಹೇಳಲು ಅವಳ ಹತ್ತಿರ ಈಗ ಏನೂ ಇರುವುದಿಲ್ಲ.

ಮೊನ್ನೆ ಧೈರ್ಯ ಮಾಡಿ ಕೇಳಿದೆ. "ಆವತ್ತು ನಾನು ನಿನ್ನನ್ನು ಎಬ್ಬಿಸ್ಬೇಕಿತ್ತಾ ಅಕ್ಕ?"

ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಹೇಳಿದಳು. "ಎಬ್ಬಿಸಿದ್ರೆ ನಿನಗೆ ಸಮಾ ಬೈತಿದ್ದೆ."

ಮಡಚಿದ್ದನ್ನೆಲ್ಲ ಕಪಾಟಿನಲ್ಲಿಟ್ಟು, "ಎಬ್ಬಿಸ್ಬೇಕಿತ್ತು" ಎಂದಳು.

ಇದನ್ನು ಓದುತ್ತಿರುವ ನೀವು ವಿಮಾನದ ದಾರಿಯ ಕೆಳಗೆ ಇರಬಹುದು, ಕಲ್ಲುಕೋರೆಯ ಪಕ್ಕ ಇರಬಹುದು, ಅಗಲವಾಗುತ್ತಿರುವ ಹೈವೇಯ ಬದಿಯಲ್ಲಿ ಇರಬಹುದು. ನಿಮ್ಮ ಮನೆಗೂ ಯಾರಾದರೂ ಕೇಳಲು ಬಂದಿದ್ದರಾ? ಮಾತಾಡಿದ್ದು ಯಾರು, ಏನು ಹೇಳಿದಿರಿ, ಏನು ಹೇಳದೆ ಉಳಿಯಿತು? ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಬಂದವರ ಕೈಗೆ ಚಾ ಕೊಡುತ್ತಲೇ ‘ನಮಗೆ ಇಲ್ಲಿ ಇರಲಿಕ್ಕೆ ಆಗುತ್ತಿಲ್ಲ’ ಎಂದು ಹೇಳಿಬಿಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದನ್ನು ಹೇಗೆ ಹೇಳಿದಿರೆಂದು ದಯವಿಟ್ಟು ವಿವರವಾಗಿ ಬರೆಯಿರಿ. ಮಾಮಿಗೆ ಓದಿ ಹೇಳಬೇಕು.